ಎರಡು ಬೆರಳಿನ ದೂರ

ಗುಬ್ಬಕ್ಕನ ಅಡುಗೆಮನೆಯ ಮೇಲಿನ ಹಲಗೆ ಅವಳ ಕೈಗೆ ಎಟುಕುವುದಿಲ್ಲ. ಮದುವೆಯಾಗಿ ಬಂದ ದಿನವೂ ಎಟುಕಿರಲಿಲ್ಲ. ಅತ್ತೆ ಸಕ್ಕರೆ ಡಬ್ಬಿಯನ್ನು ಅಲ್ಲೇ ಇಡುತ್ತಿದ್ದರು, ಇವಳು ಸ್ಟೂಲು ಎಳೆದುಕೊಂಡು ಹತ್ತುತ್ತಿದ್ದಳು. ಅತ್ತೆ ತೀರಿಕೊಂಡರು, ಹಲಗೆ ಅಲ್ಲೇ ಉಳಿಯಿತು, ಸ್ಟೂಲೂ ಉಳಿಯಿತು. ಅದನ್ನು ಸ್ವಲ್ಪ ಕೆಳಗಿಳಿಸಿಕೊಡಿ ಎಂದು ಗಂಡನನ್ನು ಅವಳು ಒಮ್ಮೆಯೂ ಕೇಳಲಿಲ್ಲ. ಎಟುಕುವುದಿಲ್ಲ ಎಂದು ಯಾರೆದುರೂ ಬಾಯಿ ಬಿಡದಿರುವುದೇ ಅವಳ ಮಟ್ಟಿಗೆ ಮರ್ಯಾದೆ.

ಆ ಕುಳ್ಳ ಮೈಗೆ ಬೆಲೆ ಬಂದದ್ದು ಕಚೇರಿಯಲ್ಲಿ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಒಯ್ಯುವ ಹೊಸ ಕ್ಯಾಪ್ಸೂಲಿನ ಒಳಭಾಗದ ನಕ್ಷೆ ಬಿಡಿಸುವ ವಿಭಾಗದಲ್ಲಿ ಅವಳಿಗೆ ಕೆಲಸ. ಹಳೆಯ ಕ್ಯಾಪ್ಸೂಲು ಎತ್ತರದ ಗಂಡಸರ ಅಳತೆಯದು. ಹೊಸದರಲ್ಲಿ ಬೆಲ್ಟು ಬಿಗಿದುಕೊಂಡು ಮಲಗಿದ ಅತಿ ಚಿಕ್ಕ ಮೈಗೂ ಪ್ರತಿಯೊಂದು ಗುಂಡಿ ಸಿಗಬೇಕು ಎಂಬುದು ನಿಯಮ. ಅಂಥ ಮೈ ಎಲ್ಲಿದೆ ಎಂದು ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ.

"ನಮ್ಮ ಅಳತೆಪಟ್ಟಿ ಬಂತು, ದಾರಿ ಬಿಡಿ" ಎಂದು ಮಾದರಿ ಕಟ್ಟುವ ಶೆಡ್ಡಿನವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಪ್ಲೈವುಡ್ಡಿನಲ್ಲಿ ಕಟ್ಟಿದ ಮಾದರಿಯೊಳಗೆ ಮೊಣಕಾಲು ಮಡಿಸಿ ಮಲಗಿ ಕೈ ಚಾಚುವಳು. ಬೆರಳು ಮುಟ್ಟಿದಲ್ಲಿ ಒಬ್ಬರು ಪೆನ್ಸಿಲಿನಿಂದ ಗುರುತು ಹಾಕುವರು. ಇಡೀ ಕ್ಯಾಪ್ಸೂಲು ಅವಳ ಕೈಯಳತೆಗೆ ತಕ್ಕಂತೆ ಒಂದೊಂದಾಗಿ ಹತ್ತಿರ ಸರಿದು ಬರುತ್ತಿತ್ತು. ಜಗತ್ತು ಅವಳಿಗಾಗಿ ಅಷ್ಟು ಸರಿದದ್ದು ಅದೇ ಮೊದಲು.

ಕೊನೆಗೆ ಉಳಿದದ್ದು ಒಂದು ಲಿವರು. ಕ್ಯಾಪ್ಸೂಲು ಭೂಮಿಗೆ ಮರಳಿ ಸಮುದ್ರಕ್ಕೆ ಬಿದ್ದ ಮೇಲೆ ಹೊರಗಿನ ಗಾಳಿಯನ್ನು ಒಳಗೆ ಬಿಡುವುದು ಅದು. ಅವಳ ಬೆರಳು ಅದಕ್ಕಿಂತ ಎರಡು ಬೆರಳು ಈಚೆಗೇ ನಿಂತಿತು. ಹೊರಗಿನಿಂದ ಮುಖ್ಯಸ್ಥರು ಎಟುಕಿತೇ ಎಂದು ಕೇಳಿದರು. ಗುಬ್ಬಕ್ಕ ಬೆಲ್ಟಿನ ಕೆಳಗಿಂದ ಭುಜವನ್ನು ಮೆಲ್ಲಗೆ ಜಾರಿಸಿ ಲಿವರನ್ನು ಮುಟ್ಟಿದಳು.

"ಎಟುಕ್ತು ಸರ್."

ಆ ಗುರುತಿನ ಪ್ರಕಾರವೇ ಲೋಹದಲ್ಲಿ ಫಲಕ ಎರಕವಾಯಿತು.

ಯಾತ್ರೆಗೆ ಆಯ್ಕೆಯಾದವರಲ್ಲಿ ಒಬ್ಬಳು ಡಾಕ್ಟರು. ಗುಬ್ಬಕ್ಕನಷ್ಟೇ ಎತ್ತರ. ಶೆಡ್ಡಿಗೆ ಬಂದವಳು ಬೆನ್ನಿಗೆ ಬೆನ್ನು ಕೊಟ್ಟು ನಿಂತು ನೋಡಿ, ಇನ್ನು ನೀವು ಮಲಗಿದ ಜಾಗದಲ್ಲಿ ನಾನು ಎಂದು ಅವಳ ಕೈ ಹಿಡಿದುಕೊಂಡಿದ್ದಳು. ನಿಜವಾದ ಕ್ಯಾಪ್ಸೂಲಿನಲ್ಲಿ, ಸೂಟು ತೊಟ್ಟು ನಡೆದ ಪರೀಕ್ಷೆಯಲ್ಲಿ ಡಾಕ್ಟರ ಕೈ ಲಿವರಿಗೆ ತಲುಪಲಿಲ್ಲ. ಸೂಟು ದಪ್ಪವಾಗಿದೆ, ಅದಕ್ಕೇ ಎಂದರು ಪರೀಕ್ಷೆ ಮಾಡಿದವರು. ಲಿವರು ಸರಿಸಬೇಕಾದರೆ ಹಿಂದಿನ ಕೊಳವೆಗಳನ್ನೆಲ್ಲ ಕಿತ್ತು ಹೊಸದಾಗಿ ಕೂರಿಸಬೇಕು. ಮುಖ್ಯಸ್ಥರು ಕೆಟ್ಟವರಲ್ಲ, ದಣಿದಿದ್ದರು.

"ಲಿವರ್ ಸರಿಸೋದಕ್ಕಿಂತ ನಿಯಮ ಸರಿಸೋದು ಸುಲಭ" ಎಂದರು. ಯಾತ್ರಿಗಳ ಕನಿಷ್ಠ ಎತ್ತರ ಏರಿತು. ಡಾಕ್ಟರು ಹೊರಗುಳಿದಳು. ಹೊಸ ಎತ್ತರದ ಮೈಯನ್ನು ನಕ್ಷೆಯಲ್ಲಿ ಬಿಡಿಸುವ ಕೆಲಸ ಗುಬ್ಬಕ್ಕನ ಮೇಜಿಗೇ ಬಂತು. ಅವಳು ತಲೆ ತಗ್ಗಿಸಿ ಬಿಡಿಸಿಕೊಟ್ಟಳು.

ತನ್ನ ಸಾಮಾನು ಒಯ್ಯಲು ಬಂದ ದಿನ ಡಾಕ್ಟರು ಶೆಡ್ಡಿಗೂ ಬಂದಳು. ಪ್ಲೈವುಡ್ಡಿನದರಲ್ಲಿ ಒಮ್ಮೆ ಮಲಗುತ್ತೇನೆ ಎಂದಳು. ಗುಬ್ಬಕ್ಕನೇ ಬೆಲ್ಟು ಬಿಗಿದಳು.

"ಇನ್ನೂ ಬಿಗಿ ಮಾಡಿ ಅಕ್ಕ. ನಿಜದಲ್ಲಿ ಇರೋ ಹಾಗೆ."

ಮೈಮೇಲೆ ಸೂಟು ಇರಲಿಲ್ಲ. ಆದರೂ ಲಿವರಿನತ್ತ ಚಾಚಿದ ಕೈ ಎರಡು ಬೆರಳು ಈಚೆಗೇ ನಿಂತಿತು. ಡಾಕ್ಟರು ತನ್ನ ಬೆರಳ ತುದಿಯನ್ನೇ ನೋಡುತ್ತ ಮಲಗಿದ್ದಳು.

"ನಿಮಗೆ ಹೇಗೆ ಎಟುಕ್ತು?"

"ಭುಜ ಜಾರಿಸ್ದೆ."

"ಯಾಕೆ?"

"ಅಭ್ಯಾಸ" ಎಂದಳು.

"ಅವತ್ತು ಎಟುಕಲ್ಲ ಅಂದಿದ್ರೆ, ಒಂದು ಪೆನ್ಸಿಲ್ ಗುರುತು ಅಳಿಸಿದ್ರೆ ಮುಗೀತಿತ್ತು" ಎಂದಳು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. "ಬೆಲ್ಟ್ ಬಿಚ್ಚಿ ಅಕ್ಕ."

ಸಂಜೆ ಮನೆಯಲ್ಲಿ ಚಹಾಕ್ಕೆ ನೀರು ಕುದಿಯುತ್ತಿತ್ತು. ಗಂಡ ಮೇಜಿನ ಬಳಿ ಕೂತು ಪೇಪರು ಓದುತ್ತಿದ್ದ. ಗುಬ್ಬಕ್ಕ ಹಲಗೆಯ ಕೆಳಗೆ ನಿಂತು ಸಕ್ಕರೆ ಡಬ್ಬಿಯನ್ನು ನೋಡಿದಳು.

"ರೀ, ನನಗೆ ಇದು ಎಟುಕಲ್ಲ."

ಅವನು ಪೇಪರಿನಿಂದ ತಲೆಯೆತ್ತಲಿಲ್ಲ.

"ಸ್ಟೂಲ್ ಇದ್ಯಲ್ಲೇ" ಎಂದ.