ಐದನೆಯ ಕಲ್ಲು

ಮೊನ್ನೆ ಬೆಳಿಗ್ಗೆ ಸೇಡಂನ ಕಾಲೇಜೊಂದರಲ್ಲಿ ಭಾಷಣ ಮಾಡಲು ಹೊರಡುವ ಆತುರದಲ್ಲಿದ್ದೆ. ಅಂಗಿಯ ಕೊರಳಗುಂಡಿ ಕಾಜಾದ ಹತ್ತಿರ ಬರಲು ಒಲ್ಲೆನೆಂದು ಹಟ ಹಿಡಿಯಿತು. ಆ ಗುಂಡಿ ಹಾಕದೆ ವೇದಿಕೆ ಏರಿದರೆ ನನ್ನ ವಾದದಲ್ಲೂ ಒಂದು ಗುಂಡಿ ಉದುರಿಹೋದಂತೆ ನನಗೆ ಅನ್ನಿಸುತ್ತದೆ. ಇದು ನನ್ನ ಹಳೆಯ ದೌರ್ಬಲ್ಯ. ಹಿಂದಾಗಿದ್ದರೆ ಇಸ್ತ್ರಿಯವನನ್ನೋ ಬಟ್ಟೆಯನ್ನೋ ಬೈದು, ಉಸಿರು ಬಿಗಿಹಿಡಿದು ಗುಂಡಿ ಸಿಕ್ಕಿಸಿ ಹೊರಟುಬಿಡುತ್ತಿದ್ದೆ. ಮೊನ್ನೆ ಹಾಗೆ ಮಾಡಲಿಲ್ಲ. ಬೆರಳುಗಳು ತಾವಾಗಿಯೇ ಕೊರಳಿನ ಗುಳಿಯ ಮೇಲೆ ನಿಂತವು. ನಿಂತವು, ನನ್ನನ್ನು ಶಹಾಬಾದದ ಒಂದು ಅಂಗಳಕ್ಕೆ ಕರೆದೊಯ್ದವು. ನೀವೂ ಬನ್ನಿ. ನಮ್ಮ ಚಿತ್ತಾಪುರದಿಂದ ಅದು ದೂರವೇನಿಲ್ಲ.

ಆ ಅಂಗಳ ನನ್ನ ದೊಡ್ಡವ್ವನದು. ತಾಯಿಯ ಅಕ್ಕ, ಹೆಸರು ಶರಣಮ್ಮ. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡವನ್ನೂ ಕವಾಯತನ್ನೂ ಕಲಿಸಿ ನಿವೃತ್ತಳಾದವಳು. ಈ ಎರಡು ವಿಷಯಗಳು ಒಬ್ಬಳಲ್ಲೇ ಕೂಡಿದ್ದರಿಂದಲೋ ಏನೋ, ಅವಳ ಮಾತು ಸಾಲಾಗಿ ನಿಂತ ಮಕ್ಕಳ ಹಾಗೆ ಶಿಸ್ತಾಗಿರುತ್ತಿತ್ತು. ದನಿ ಮಾತ್ರ ರಸ್ತೆಯ ಆಚೆಯವರೆಗೂ ಕೇಳುತ್ತಿತ್ತು. ದೊಡ್ಡಪ್ಪನದು ಮನೆಯ ಪಕ್ಕದಲ್ಲೇ ನೆಲಕ್ಕೆ ಹಾಸುವ ಫರ್ಸಿ ಕಲ್ಲುಗಳನ್ನು ಕೊಯ್ದು ಹೊಳಪು ಕೊಡುವ ಸಣ್ಣ ಕಾರಖಾನೆ. ನಿವೃತ್ತಿಯ ನಂತರ ದೊಡ್ಡವ್ವ ಎಲ್ಲೋ ಯೋಗ ಕಲಿತು ಬಂದು, ಅಂಗಳದಲ್ಲಿ ಏಳು ಗುಂಡು ಕಲ್ಲು ಬೇಕೆಂದು ಕೇಳಿದಳಂತೆ. ದೊಡ್ಡಪ್ಪ ಗೊಣಗುತ್ತಲೇ ಒಳ್ಳೆಯ ಚಪ್ಪಡಿಗಳನ್ನು ಆರಿಸಿ, ದುಂಡಗೆ ಕೊಯ್ದು, ತಲೆಬಾಗಿಲಿನಿಂದ ಬೇವಿನ ಮರದವರೆಗೆ ಸಾಲಾಗಿ ಕೂಡಿಸಿಕೊಟ್ಟಿದ್ದರು.

"ನಿಮ್ಮ ದೊಡ್ಡವ್ವಗ ಏಳು ಚಕ್ರ ಅವ ನೋಡಪಾ," ಎಂದು ನನ್ನೆದುರು ಅವರು ನಗುತ್ತಿದ್ದರು. "ನನ್ನ ಮಶೀನಿಗಿ ಇರೋದೊಂದೇ ಚಕ್ರ. ಅದೂ ವಾರಕ್ಕೊಮ್ಮಿ ಕೆಡತದ."

ಬೆಳಗಿನ ಹೊತ್ತು ಓಣಿಯ ಹೆಂಗಸರು ಅಲ್ಲಿ ಸೇರುತ್ತಿದ್ದರು. ಮೊದಲ ಕಲ್ಲಿನ ಮೇಲೆ ಕುಳಿತವರು ಬೆನ್ನುಹುರಿಯ ಬುಡಕ್ಕೆ ಮನಸ್ಸು ಕೊಡಬೇಕು, ಅದು ಮೂಲಾಧಾರ. ಎರಡನೆಯದು ಕಿಬ್ಬೊಟ್ಟೆಗೆ, ಮೂರನೆಯದು ಹೊಕ್ಕುಳಿಗೆ, ನಾಲ್ಕನೆಯದು ಎದೆಗೆ, ಐದನೆಯದು ಕೊರಳಿಗೆ, ಆರನೆಯದು ಹುಬ್ಬುಗಳ ನಡುವಿಗೆ, ಏಳನೆಯದು ನೆತ್ತಿಗೆ. ಆಯಾ ಜಾಗದ ಮೇಲೆ ಅಂಗೈ ಇಟ್ಟು ಉಸಿರನ್ನು ಅಲ್ಲಿಗೆ ಕಳಿಸುತ್ತಾ ಕೂಡಬೇಕು. ದೊಡ್ಡವ್ವ ಚಪ್ಪಾಳೆ ತಟ್ಟಿದಾಗ ಎಲ್ಲರೂ ಒಂದೊಂದು ಕಲ್ಲು ಮುಂದೆ ಸರಿಯಬೇಕು. ಕವಾಯತಿನ ಮೇಷ್ಟರಲ್ಲವೇ, ನಿಯಮ ಎರಡಿದ್ದವು. ಯಾರೂ ಯಾವ ಕಲ್ಲನ್ನೂ ಬಿಟ್ಟು ದಾಟಬಾರದು. ಮುಂದಿನವರು ಏಳುವ ತನಕ ಹಿಂದಿನವರು ಏಳಬಾರದು. ಎಲ್ಲರ ಹಿಂದೆ, ಕೊನೆಯವಳಾಗಿ, ಅವಳೇ ಬರುತ್ತಿದ್ದಳು.

ನಾನು ಅಲ್ಲಿಗೆ ಹೋದದ್ದು ಕಲಿಯಲಿಕ್ಕಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಆ ದಿನಗಳಲ್ಲಿ ಚಿಂಚೋಳಿಯ ಕಡೆ ಯಾರೋ ಒಬ್ಬರು ಚಕ್ರಗಳನ್ನು ತಿರುಗಿಸಿ ಸಕ್ಕರೆ ಕಾಯಿಲೆ ಗುಣಪಡಿಸುವುದಾಗಿ ಶಿಬಿರ ಹೂಡಿದ್ದರು. ಅದರ ವಿರುದ್ಧ ಅಲ್ಲಿ ಮಾತಾಡಲು ನನ್ನನ್ನು ಕರೆದಿದ್ದರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನದ ಢಾಲುಗಳನ್ನು ಹೊತ್ತು ತಂದವನು ನಾನು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಎರಡೂ ಕಡೆ ಗೆಲ್ಲುತ್ತಿದ್ದೆ. ಅದರಿಂದ ಸತ್ಯಕ್ಕೆ ಏನು ಲಾಭವಾಯಿತೋ ತಿಳಿಯದು, ನಮ್ಮ ಮನೆಯ ಕಪಾಟು ಮಾತ್ರ ತುಂಬಿತು. ಎದುರಾಳಿಯ ವಾದವನ್ನು ಅವರ ಮನೆಯಲ್ಲೇ ಕಂಡು ಬರಬೇಕು ಎಂಬುದು ನನ್ನ ಪದ್ಧತಿ. ಹಾಗಾಗಿ ದೊಡ್ಡವ್ವನ ಪಡಸಾಲೆಯಲ್ಲಿ ಬೀಡುಬಿಟ್ಟೆ.

ಮೊದಲ ಬೆಳಿಗ್ಗೆಯೇ ನನ್ನ ಪಕ್ಕದಲ್ಲಿ ಶಾಂತಾಬಾಯಿ ಬಂದು ಕುಳಿತಳು. ವಾಡಿಯಿಂದ ಬೆಳಗಿನ ರೈಲಿಗೆ ಬರುವವಳು, ಗಂಡ ರೈಲ್ವೆಯವನು, ದೊಡ್ಡವ್ವನ ಶಿಷ್ಯೆಯರಲ್ಲೆಲ್ಲ ಮಾತಿನವಳು.

"ನೀವು ಟೀಚರ್ ಅಕ್ಕನ ಮಗಾ ಏನ್ರೀ?"

"ತಂಗಿಯ ಮಗ."

"ಹಂಗಾದ್ರ ಪುಣ್ಯಾ ಮಾಡೀರಿ ಬಿಡ್ರಿ. ನಮ್ ಟೀಚರ್ ಇಷ್ಟು ವರ್ಷದಾಗ ದವಾಖಾನಿ ಮೆಟ್ಟಲಾ ಹತ್ತಿಲ್ರೀ. ಅವರನ್ನ ನೋಡಿ ನೋಡಿ ನಾನೂ ಬಿ.ಪಿ. ಗುಳಿಗಿ ಬಿಟ್ಟುಬಿಟ್ಟೀನಿ!"

ಇದನ್ನು ಅವಳು ಹೆಮ್ಮೆಯಿಂದ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು. ನನ್ನ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕೀತೇ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದಾಗ, ಆ ಮಾತು ದೊಡ್ಡವ್ವನಿಗೂ ಕೇಳಿಸಿದ್ದು ನನ್ನ ಕಣ್ಣಿಗೆ ಬಿತ್ತು. ಹೊಗಳಿಕೆ ಕೇಳಿದವರ ಮುಖ ಹಾಗಿರುವುದಿಲ್ಲ. ಅವಳು ಸೆರಗನ್ನು ಎಳೆದು ಕೊರಳಿಗೆ ಸುತ್ತಿಕೊಂಡಳು. ಚೈತ್ರದ ಬಿಸಿಲು ಆಗಲೇ ಕಲ್ಲುಗಳನ್ನು ಕಾಯಿಸತೊಡಗಿತ್ತು.

ಅಂದು ಇನ್ನೊಂದನ್ನೂ ಕಂಡೆ. ಮುಂದಿನವರೆಲ್ಲ ಸರಿದು ಬೇವಿನ ನೆರಳಿನಲ್ಲಿ ಚಹಾಕ್ಕೆ ಕೂಡುತ್ತಿದ್ದಂತೆ, ಕೊನೆಯವಳಾದ ದೊಡ್ಡವ್ವ ನಾಲ್ಕನೆಯ ಕಲ್ಲಿನಿಂದ ಎದ್ದು, ಐದನೆಯದನ್ನು ದಾಟಿ, ನೇರ ಆರನೆಯದರ ಮೇಲೆ ಕುಳಿತಳು. ಯಾರೂ ಗಮನಿಸಲಿಲ್ಲ. ಯಾರೂ ಯಾವ ಕಲ್ಲನ್ನೂ ಬಿಡಬಾರದು ಎಂದು ಕಟ್ಟಪ್ಪಣೆ ಮಾಡಿದವಳು ಅವಳೇ.

ಮಧ್ಯಾಹ್ನ ಮಂಡಕ್ಕಿಯ ಸುಸಲಾ, ಮಿರ್ಚಿ ಮುಂದಿಟ್ಟುಕೊಂಡು ಕುಳಿತಾಗ ನಾನು ವಾದ ಆರಂಭಿಸಿದೆ. ಶರೀರವನ್ನು ಕೊಯ್ದು ನೋಡಿದ ಯಾವ ವೈದ್ಯನಿಗೂ ಇದುವರೆಗೆ ಚಕ್ರವೆಂಬ ಕಮಲವೊಂದೂ ಕಂಡಿಲ್ಲ ಎಂದೆ. ಒಂದು ಪಂಥದವರು ಆರು ಚಕ್ರ ಎನ್ನುತ್ತಾರೆ, ಇನ್ನೊಂದರವರು ಏಳು, ಮತ್ತೊಂದರವರು ಇನ್ನೂ ಹೆಚ್ಚು. ಇರುವ ವಸ್ತುವಿನ ಲೆಕ್ಕ ಹೀಗೆ ಏರಿಳಿಯುವುದಿಲ್ಲ ಎಂದೆ. ಇದನ್ನು ನಂಬಿ ಜನ ಚಿಕಿತ್ಸೆ ಮುಂದೂಡುತ್ತಾರೆ ಎಂದೆ. ನನ್ನ ಧ್ವನಿ ಏರಿತು, ಕೈ ಗಾಳಿಯಲ್ಲಿ ಆಡಿತು. ತೀರ್ಪುಗಾರರು ಇಲ್ಲದ್ದೊಂದೇ ಕೊರತೆ.

ದೊಡ್ಡವ್ವ ಎಲ್ಲವನ್ನೂ ಕೇಳಿದಳು. "ನೀ ಹೇಳೂದೆಲ್ಲಾ ಖರೇ ಅದ. ಇನ್ನೊಂದೀಟು ಸುಸಲಾ ಹಾಕ್ಲಿ?"

ಒಪ್ಪಿಕೊಳ್ಳುವ ಎದುರಾಳಿಯ ಮುಂದೆ ಏನು ಮಾಡಬೇಕೆಂಬುದನ್ನು ನಮಗೆ ಯಾವ ಸ್ಪರ್ಧೆಯಲ್ಲೂ ಕಲಿಸಿರಲಿಲ್ಲ. ತೋಚದೆ, ವಾದದ ಹೊರಗಿನ ಒಂದು ಮಾತು ಬಾಯಿಗೆ ಬಂತು.

"ದೊಡ್ಡವ್ವ, ಮುಂಜಾನಿ ಐದನೇ ಕಲ್ಲು ಯಾಕ ದಾಟಿದಿ?"

ಅವಳ ಕೈಯೊಳಗಿನ ಸೌಟು ನಿಂತಿತು. ಕಾರಖಾನೆಯ ಕಡೆ ನೋಡಿದಳು. ದೊಡ್ಡಪ್ಪನ ಮಶೀನು ಕಲ್ಲು ಕೊಯ್ಯುವ ಕರ್ಕಶ ಸದ್ದು ಗೋಡೆಯಾಚೆಯಿಂದ ಬರುತ್ತಲೇ ಇತ್ತು. ಆಮೇಲೆ ಮೆಲ್ಲಗೆ ಸೆರಗು ಸಡಿಲಿಸಿದಳು. ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆ ಎಂದಿಗಿಂತ ಕೆಳಗೆ ತೂಗುತ್ತಿತ್ತು. ದಾರಕ್ಕೆ ಹೊಸ ಗಂಟು ಹಾಕಿ ಉದ್ದ ಮಾಡಿದ್ದಳು, ಕೊರಳಿಗೆ ಒತ್ತದಿರಲೆಂದು. ದಾರದ ಮೇಲ್ಗಡೆ, ಗುಳಿಯ ಮಗ್ಗುಲಿಗೆ, ಬೋರೆಹಣ್ಣಿನಷ್ಟು ಉಬ್ಬು.

"ಯಾವಾಗಿಂದ?"

"ದಸರಾದ ಮುಂದ. ಆ ಕಲ್ಲಿನ ಮ್ಯಾಲೆ ಕುಂತಾಗೇ ಕೈಗೆ ಹತ್ತಿತು. ದಿನಾ ಅಲ್ಲೇ ಕೈ ಇಡಾಕಿ, ಗೊತ್ತಾಗದ ಇರ್ತದೇನು? ಆಗ ಕಡ್ಲಿಕಾಳಿನಷ್ಟಿತ್ತು."

"ಮತ್ತ ಡಾಕ್ಟರ್‌ಗೆ ತೋರಿಸ್ಲಿಲ್ಲ ಯಾಕ?"

"ಶಾಂತಾಬಾಯಿ ಮಾತು ಕೇಳಿದ್ಯಲ್ಲ." ಅವಳು ತಟ್ಟೆಯತ್ತ ನೋಡುತ್ತಾ ಹೇಳಿದಳು. "ನಾನೇ ದವಾಖಾನಿಗಿ ಹೋದ್ರ ಇಷ್ಟು ಮಂದಿ ಏನಂತಾರ? ಕಲಿಸಾಕಿ ಚಕ್ರಾನೇ ಕೆಟ್ಟದ ಅಂತಾರ. ಮೊದಲ ಮೊದಲ ಇದಕ್ಕ ಹೆಚ್ಚು ಹೊತ್ತು ಉಸಿರು ಕೊಟ್ಟರ ಕರಗತದ ಅನ್ಕೊಂಡೆ. ಕರಗಲಿಲ್ಲ. ಕೈ ಇಟ್ಟಾಗೊಮ್ಮಿ ದೊಡ್ಡದಾಗೇದ ಅನ್ನಿಸ್ತು. ಅದಕ್ಕ ಅಲ್ಲಿ ಕುಂದ್ರೂದೇ ಬಿಟ್ಟೆ."

"ದೊಡ್ಡಪ್ಪಗ?"

"ಹೇಳಿಲ್ಲ. ನೀನೂ ಹೇಳಬ್ಯಾಡ."

ಅಲ್ಲಿಯವರೆಗೆ ನಾನು ಮೂಢನಂಬಿಕೆ ಎಂದರೆ ಅಜ್ಞಾನ, ಅಜ್ಞಾನಕ್ಕೆ ಮದ್ದು ಅರಿವು ಎಂದು ನಂಬಿದ್ದೆ. ಇಲ್ಲಿ ಅರಿವಿಗೆ ಏನೂ ಕೊರತೆಯಿರಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು. ಬೇರೆ ಯಾರಿಗಿಂತ ಮೊದಲೇ, ತನ್ನದೇ ಅಂಗೈಯಿಂದ ಗೊತ್ತಾಗಿತ್ತು. ಅವಳನ್ನು ಕಟ್ಟಿಹಾಕಿದ್ದು ಅವಳನ್ನು ಪ್ರೀತಿಸುವವರ ಹೊಗಳಿಕೆ. ಸಂಜೆಯವರೆಗೂ ಅಂಗಲಾಚಿದೆ, ಗದರಿದೆ, ನನ್ನ ಬತ್ತಳಿಕೆಯಲ್ಲಿದ್ದುದನ್ನೆಲ್ಲ ಬರಿದುಮಾಡಿದೆ. ಪ್ರತಿಯೊಂದಕ್ಕೂ ಅವಳದು ಒಂದೇ ಉತ್ತರ: "ಖರೇ ಅದಪಾ."

ಮರುದಿನ ಬೆಳಿಗ್ಗೆ ನಾನೂ ಸಾಲಿನಲ್ಲಿ ನಿಂತೆ, ದೊಡ್ಡವ್ವನ ಮುಂದೆ, ಕೊನೆಯಿಂದ ಎರಡನೆಯವನಾಗಿ. ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಗೋಡೆಗೆ ಆತು ನಿಂತಿದ್ದ ದೊಡ್ಡಪ್ಪ, "ಮೂರನೇ ಕಲ್ಲಿನ ಮ್ಯಾಲೆ ಹುಷಾರಪಾ, ನಿನ್ನ ಹೊಟ್ಟಿಗಿ ಇನ್ನೊಂದು ಕಲ್ಲು ಜೋಡಿಸಬೇಕಾಗತದ," ಎಂದರು. ಚಪ್ಪಾಳೆಯಾದಂತೆ ಒಂದೊಂದೇ ಕಲ್ಲು ಸರಿದೆ. ಕಮಲವೇನೂ ಅರಳಲಿಲ್ಲ. ಆದರೆ ಅಂಗೈಯ ಕೆಳಗೆ ಎದೆ ಬಡಿಯುವುದನ್ನು ಅಷ್ಟು ಹೊತ್ತು ಕೇಳುತ್ತಾ ಕುಳಿತದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಸ್ವಂತ ದೇಹವನ್ನು ನಾನು ಭಾಷಣಗಳನ್ನು ಊರಿಂದೂರಿಗೆ ಸಾಗಿಸುವ ಟಾಂಗಾದಂತೆ ಬಳಸಿದ್ದೆ.

ಐದನೆಯ ಕಲ್ಲಿಗೆ ಬಂದೆ. ಕೊರಳ ಮೇಲೆ ಕೈ ಇಟ್ಟೆ. ಹಿಂದೆ ನಾಲ್ಕನೆಯದರ ಮೇಲೆ ದೊಡ್ಡವ್ವ. ಚಪ್ಪಾಳೆಯಾಯಿತು. ನಾನು ಏಳಲಿಲ್ಲ. ಇನ್ನೊಮ್ಮೆ ಆಯಿತು.

"ಏನ್ರೀ, ನಿದ್ದಿ ಹತ್ತೇದೇನ್ರೀ?" ಎಂದು ಶಾಂತಾಬಾಯಿ ಬೇವಿನ ಕೆಳಗಿನಿಂದ ಕೂಗಿದಳು. ಎಲ್ಲರೂ ನಕ್ಕರು. ದೊಡ್ಡವ್ವನದೇ ನಿಯಮದ ಪ್ರಕಾರ ನಾನು ಏಳದೆ ಅವಳು ಏಳುವಂತಿರಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ತೆರೆದರೆ ಮತ್ತೆ ವಾದವೇ ಹೊರಬರುತ್ತಿತ್ತು. ಸ್ವಲ್ಪ ಪಕ್ಕಕ್ಕೆ ಸರಿದು, ಕಲ್ಲಿನ ಅರ್ಧ ಭಾಗವನ್ನು ಖಾಲಿ ಮಾಡಿದೆ, ಅಷ್ಟೇ.

ಮೂರನೆಯ ಚಪ್ಪಾಳೆ ಆಗಲಿಲ್ಲ. ಬದಲಿಗೆ ಸೀರೆಯ ಸರಸರ ಸದ್ದು ಕೇಳಿತು. ದೊಡ್ಡವ್ವ ಬಂದು ಆ ಅರ್ಧದ ಮೇಲೆ ಕುಳಿತಳು. ಸೆರಗು ತೆಗೆದಳು. ಅಂಗೈಯನ್ನು ಕೊರಳಿಗೊತ್ತಿ ಕಣ್ಣು ಮುಚ್ಚಿದಳು. ಅವಳ ಭುಜ ನನ್ನ ಭುಜಕ್ಕೆ ತಾಗಿತ್ತು. ಕಣ್ಣು ತೆರೆದವಳೇ ಶಾಂತಾಬಾಯಿಯನ್ನು ಕರೆದಳು.

"ಕೈ ಕೊಡು ಇಲ್ಲಿ. ಒತ್ತಿ ನೋಡು. ಹತ್ತಿತೇನು?"

ಶಾಂತಾಬಾಯಿಯ ನಗು ಇಳಿಯಿತು. "ಹತ್ತಿತ್ರೀ ಟೀಚರ್. ಏನ್ರೀ ಇದು?"

"ಏನಂತ ಡಾಕ್ಟರ್ ಹೇಳಬೇಕು. ನಾಳಿ ನಾ ಕಲಬುರಗಿ ದವಾಖಾನಿಗಿ ಹೋಗಾಕಿ. ನೀ ಮನಿಗೆ ಹೋಗಿ ಮೊದಲ ಗುಳಿಗಿ ನುಂಗು."

"ಮತ್ತ ಚಕ್ರಾ...?"

"ಚಕ್ರ ತನ್ನ ಕೆಲಸ ಮಾಡ್ಯಾದ. ಇಲ್ಲೇನೋ ಅದ ಅಂತ ತೋರಿಸ್ಯಾದ. ತಗಿಯೋದು ಅದರ ಕೆಲಸ ಅಲ್ಲ. ಇಷ್ಟು ದಿನಾ ಅದು ಹೇಳಾಕತ್ತಿತ್ತು, ನಾ ಕೇಳಾಕತ್ತಿರಲಿಲ್ಲ."

ದೊಡ್ಡಪ್ಪ ಗೋಡೆ ಬಿಟ್ಟು ಬಂದರು. ಬಗ್ಗಿ ಅವಳ ಕೊರಳನ್ನು ನೋಡಿದರು. ಏನಾದರೂ ಚೇಷ್ಟೆ ಮಾಡುತ್ತಾರೇನೋ ಎಂದುಕೊಂಡೆ. "ನಾಳಿ ಯಾಕ? ಇವತ್ತೇ ನಡಿ," ಎಂದರು. ಕಾರಖಾನೆಯೊಳಗೆ ಹೋಗಿ ಓಡುತ್ತಿದ್ದ ಮಶೀನು ಬಂದ್ ಮಾಡಿದರು. ಆ ಅಂಗಳದಲ್ಲಿ ಅಂಥ ನಿಶ್ಶಬ್ದವನ್ನು ನಾನು ಮೊದಲೆಂದೂ ಕೇಳಿರಲಿಲ್ಲ.

ಗಂಟು ಕೆಟ್ಟ ಜಾತಿಯದೇ ಆಗಿತ್ತು. ಹಬ್ಬುವ ಮೊದಲು ಬಂದಿರಿ ಎಂದರು ವೈದ್ಯರು. ಶಸ್ತ್ರಚಿಕಿತ್ಸೆ ಆಯಿತು. ದೊಡ್ಡವ್ವ ಉಳಿದಳು, ರಸ್ತೆಯಾಚೆ ಕೇಳುತ್ತಿದ್ದ ಆ ದನಿ ಉಳಿಯಲಿಲ್ಲ. ಈಗ ಒಡೆದ ಕೊಳಲಿನಿಂದ ಬಂದಂಥ ಪಿಸುಮಾತು. ಚಪ್ಪಾಳೆಗೆ ದನಿ ಬೇಡವಲ್ಲ, ತರಗತಿ ನಡೆದೇ ಇದೆ. ಕಲ್ಲಿನ ಹೆಸರುಗಳನ್ನು ಶಾಂತಾಬಾಯಿ ಕೂಗುತ್ತಾಳೆ, ಗುಳಿಗೆ ನುಂಗಿದ ಮೇಲೆ. ಒಂದು ಪದ್ಧತಿ ಮಾತ್ರ ಹೊಸದು. ಐದನೆಯ ಕಲ್ಲಿನ ಮೇಲೆ ಎಲ್ಲರೂ ಬೆರಳಾಡಿಸಿ ಕೊರಳನ್ನು ನೋಡಿಕೊಳ್ಳುತ್ತಾರೆ. ನಾಲ್ಕನೆಯದರ ಮೇಲೆ, ಗಂಡಸರನ್ನು ಅಂಗಳದಿಂದ ಹೊರಗೆ ಕಳಿಸಿ, ಮೊಲೆಗಳಲ್ಲಿ ಗಂಟೇನಾದರೂ ಇದೆಯೇ ಎಂದು ನೋಡಿಕೊಳ್ಳುವುದನ್ನು ದೊಡ್ಡವ್ವ ಕಲಿಸುತ್ತಾಳೆ. ನರ್ಸಮ್ಮನೊಬ್ಬರನ್ನು ಕರೆಸಿ ತಾನು ಮೊದಲು ಕಲಿತಳಂತೆ. ಏನಾದರೂ ಕೈಗೆ ಹತ್ತಿದವಳ ಜೊತೆ ಮತ್ತಿಬ್ಬರು ದವಾಖಾನೆಗೆ ಹೋಗಬೇಕು, ಒಬ್ಬಳನ್ನೇ ಕಳಿಸುವಂತಿಲ್ಲ. ವರ್ಷಗಟ್ಟಲೆ ವೇದಿಕೆಗಳ ಮೇಲೆ ನಾನು ಕನಸಿದ ಸುಧಾರಣೆ ಇದೇ. ಚಿಂಚೋಳಿಯ ಭಾಷಣವನ್ನೂ ಮಾಡಿಬಂದೆ. ಚಕ್ರದಿಂದ ಸಕ್ಕರೆ ಕಾಯಿಲೆ ಹೋಗುವುದಿಲ್ಲ ಎಂದೆ. ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ತನ್ನ ಮೈಯ ಮೇಲೆ ಕೈಯಿಟ್ಟು ಸುಮ್ಮನೆ ಕೂತವರನ್ನು ನೋಡಿ ನಗುವುದನ್ನು ಬಿಟ್ಟಿದ್ದೇನೆ.

ಇನ್ನು ಮೊನ್ನೆಯ ಗುಂಡಿಗೆ ಮರಳೋಣ. ಅದನ್ನು ಬಿಚ್ಚಿಟ್ಟು, ನಮ್ಮ ಮನೆಯ ಹಿತ್ತಲ ಬಾಗಿಲ ಬಳಿಯ ಫರ್ಸಿಯ ಮೇಲೆ ಕುಳಿತು ಕೊರಳನ್ನು ತಡವಿ ನೋಡಿದೆ. ಗಂಟೇನೂ ಇರಲಿಲ್ಲ, ಕೊಬ್ಬಿತ್ತು. ಅಂದಿನಿಂದ ಉಳಿದ ಅಭ್ಯಾಸಬಲದಿಂದ ಕಲ್ಲಿನ ಒಂದು ಮಗ್ಗುಲಿಗೇ ಕುಳಿತಿದ್ದೆ. ಹೆಂಡತಿ ಒಳಗಿನಿಂದ ಬಂದಳು. ತಿಂಗಳಿಗೊಮ್ಮೆ ಶಹಾಬಾದಕ್ಕೆ ಹೋಗಿ ದೊಡ್ಡವ್ವನ ಸಾಲಿನಲ್ಲಿ ಕೂತು ಬರುವವಳು ಅವಳು.

"ಬಸ್ಸಿಗಿ ಹೊತ್ತಾಯ್ತು. ಏನ್ ಹುಡುಕಾಕತ್ತೀರಿ?"

"ಏನಿಲ್ಲ. ಕುಂದ್ರು ಬಾ."

ಅವಳು ಖಾಲಿ ಅರ್ಧವನ್ನು ಒಂದು ಕ್ಷಣ ನೋಡಿ ಕುಳಿತಳು. ಹಿಂದಿನ ನಾನಾಗಿದ್ದರೆ ಅಷ್ಟರಲ್ಲಿ ಸೇಡಂನ ಭಾಷಣದ ಪೀಠಿಕೆಯನ್ನು ಅವಳಿಗೆ ಒಪ್ಪಿಸಿಬಿಡುತ್ತಿದ್ದೆ. ಅವಳು ಕಾಲಬೆರಳಿನಿಂದ ಕಲ್ಲಿನ ಅಂಚನ್ನು ಕೆರೆಯುತ್ತಾ, ನನ್ನತ್ತ ನೋಡದೆ ಹೇಳಿದಳು:

"ಹೇಳಬೇಕು ಹೇಳಬೇಕಂತ ಭಾಳ ದಿನಾ ಆಯ್ತು. ನೀವು ಯಾವಾಗಲೂ ಹೊರಟಿರತೀರಿ. ನಂದು ಐದನೇ ಕಲ್ಲಲ್ರೀ. ನಾಲ್ಕನೇದು."

ಸೇಡಂಗೆ ಫೋನ್ ಮಾಡಿ ಬರಲಾರೆನೆಂದೆ. ವಿಷಯ ಏನೆಂದು ಅವರು ಕೇಳಿದರು. ಇಂದು ನನ್ನ ಬಳಿ ವಿಷಯವಿಲ್ಲ ಎಂದೆ. ದೊಡ್ಡವ್ವನಿಗೆ ಫೋನ್ ಮಾಡಿದೆ. "ಶಾಂತಾಬಾಯಿನ ಕರ್ಕೊಂಡು ಬರತೀನಿ, ನೀವು ನಡೀರಿ," ಎಂದಿತು ಆ ಪಿಸುದನಿ. ಅಂಗಿಯ ಕೊರಳು ತೆರೆದೇ ಇತ್ತು. ಹಾಗೆಯೇ ನಾವಿಬ್ಬರೂ ಕಲಬುರಗಿಯ ಬಸ್ಸು ಹತ್ತಿದೆವು.