ನಾಲ್ಕು ರುಮಾಲಿನ ಸಾಕ್ಷಿ

ರಾಚವ್ವ ಅಂದಾನೆಪ್ಪನನ್ನು ಮೊದಲ ಸಲ ಕಂಡದ್ದು ೧೯೭೩ರ ಮಾಗಿಯಲ್ಲಿ, ಸಿರಸಂಗಿಯ ತನ್ನ ತವರುಮನೆಯ ಪಡಸಾಲೆಯಲ್ಲಿ. ಗಂಡ ಹೆಂಡಿರ ಜಗಳ ಬಿಡಿಸುವ ಹಿರಿಯನೆಂದು ಅವನು ಮುಂಜಾನೆಯ ಬಸ್ಸಿಗೆ ಬಂದಿದ್ದ. ಬಾಗಿಲಲ್ಲಿಟ್ಟ ತಂಬಿಗೆಯ ನೀರಿನಿಂದ ಕಾಲು ತೊಳೆದುಕೊಂಡು, ಇನ್ನೊಂದು ತಂಬಿಗೆ ತರಿಸಿ ಮತ್ತೆ ತೊಳೆದುಕೊಂಡ. ಹಾಸಿದ್ದ ಕಂಬಳಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಅದರ ಮೇಲೆ ಜಮಖಾನೆ ಹಾಸಿಸಿದ. ತಲೆಯ ಮೇಲೆ ಗುಲಾಬಿ ಬಣ್ಣದ ರುಮಾಲಿತ್ತು. ಅದರ ಗಂಜಿ ಇನ್ನೂ ಹೋಗಿರಲಿಲ್ಲ. ತಲೆ ಅಲ್ಲಾಡಿಸಿದರೆ ಕಾಗದದಂತೆ ಸಪ್ಪಳವಾಗುತ್ತಿತ್ತು. ಕುಳಿತವನೇ ಅಡುಗೆಮನೆಯ ಕಡೆಗೆ ಮೂಗು ತಿರುಗಿಸಿ, “ಹೂರಣಕ್ಕ ಏಲಕ್ಕಿ ಹಾಕೀರಿಲ್ಲ?” ಎಂದು ಕೇಳಿದ. ಅವಳ ಸಂಸಾರದ ಮಾತು ಕೇಳಿದ್ದು ಅದಾದ ಮೇಲೆ.

ಗಂಡ ನಿಜಗುಣಪ್ಪ ಎತ್ತಿನ ಬಾರಕೋಲಿನಿಂದ ಹೊಡೆದು ಎಂಟು ದಿನವಾಗಿತ್ತು. ಹೊಡೆಯುವಾಗ ಅತ್ತೆ ಇಂದ್ರವ್ವ ಹೊರಗಿನ ಚಿಲಕ ಹಿಡಿದು ನಿಂತಿದ್ದಳು. ರಾಚವ್ವನ ಎಡ ಮುಂಗೈ ಇನ್ನೂ ಬಾತುಕೊಂಡಿತ್ತು. ಅವಳ ಅಪ್ಪ ಬಸವಣ್ಣೆಪ್ಪ ಅದನ್ನು ತೋರಿಸಿ, “ನೋಡ್ರಿ ಯಜಮಾನ್ರ, ಇದು ಕೈಯೋ ಕೊರಡೋ?” ಎಂದ.

ಅಂದಾನೆಪ್ಪ ನೋಡಿದ. ನೋಡಿ, “ಬಳಿ ಸ್ವಲ್ಪ ಮ್ಯಾಲ ಏರಿಸ್ಕೋ ತಂಗಿ, ಬಾವು ಮಂದಿಗೆ ಕಾಣಸೂದಿಲ್ಲ,” ಎಂದ. ಆಮೇಲೆ ಸುಪಾರಿ ಡಬ್ಬಿ ತೆಗೆದ. “ಸಂಸಾರ ಅಂದಮ್ಯಾಲ ಭಾಂಡೆಗೆ ಭಾಂಡೆ ತಾಗೂದ ಅಲ್ಲೇನವಾ?”

“ತಾಗಿದ್ರ ಭಾಂಡೆ ಸಪ್ಪಳ ಮಾಡತಾವ್ರಿ ಕಾಕಾ. ಇಲ್ಲಿ ಎಲುಬು ಸಪ್ಪಳ ಮಾಡ್ಯಾವು.”

“ಮಾತು ಚಲೋ ಬರತಾವು ನಿನ್ನ ಮಗಳಿಗೆ,” ಎಂದು ಅವನು ಬಸವಣ್ಣೆಪ್ಪನ ಕಡೆ ತಿರುಗಿ ನಕ್ಕ. “ಏಟು ಯಾಕ ಬಿದ್ದೂವು ಅಂತ ಈಗ ತಿಳೀತು.”

ಐದು ಹೋಳಿಗೆ ತಿಂದು, ಸಂಜೆಯ ಬಸ್ಸಿಗೆ ಅವಳನ್ನು ಕರೆದುಕೊಂಡು ಹೋಗಿ, ಬೈಲಹೊಂಗಲದ ಹತ್ತಿರದ ಗಂಡನ ಮನೆಯಲ್ಲಿ ಬಿಟ್ಟ. ಮನೆ ಕೂಡಿಸಿದ ಹಿರಿಯನಿಗೆ ಗಂಡಿನ ಕಡೆಯವರು ರುಮಾಲು ಸುತ್ತುವುದು ಅಲ್ಲಿಯ ವಾಡಿಕೆ. ಮರುದಿನ ನಿಜಗುಣಪ್ಪ ಸುತ್ತಿದ. ಅದು ಮೊದಲನೆಯದು.

ಅಂದಾನೆಪ್ಪನ ಬಗ್ಗೆ ಹೇಳಬೇಕಾದದ್ದು ಬಹಳ ಇಲ್ಲ. ಹರೆಯದಲ್ಲಿ ಬೈಲಹೊಂಗಲದ ಒಂದು ಹತ್ತಿ ಅಡತಿಯ ಅಂಗಡಿಯಲ್ಲಿ ಕೂತು ನೋಡಿದ. ಅಲ್ಲಿ ಬೇಗ ಏಳಬೇಕಾಗುತ್ತಿತ್ತು, ಬಿಟ್ಟ. ಇದ್ದ ಹೊಲವನ್ನು ಹೆಂಡತಿ ಗುರವ್ವ ನೋಡಿಕೊಂಡಳು. ಇವನು ಜಗಳ ಬಿಡಿಸಲು ಹೊರಟ. ಯಾರಿಂದಲೂ ಒಂದು ಪೈಸೆ ಮುಟ್ಟುವವನಲ್ಲ, ಅದನ್ನು ತಾನೇ ಎಲ್ಲರಿಗೂ ಹೇಳುತ್ತಿದ್ದ. ಅವನಿಗೆ ಬೇಕಾದದ್ದು ಹೋಳಿಗೆ, ರುಮಾಲು, ಮತ್ತು ತಾನು ಬರುವಾಗ ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುವುದು. ಅವನು ಕೂಡಿಸಿದ ಮನೆ ಮುರಿದದ್ದಿಲ್ಲ ಎಂಬ ಮಾತು ಸವದತ್ತಿಯಿಂದ ಕಿತ್ತೂರಿನವರೆಗೂ ಇತ್ತು. ಮುರಿದದ್ದು ಇಲ್ಲವೆಂದಲ್ಲ, ಮುರಿದರೆ ಅವನು ಅದನ್ನು ಹೊಸ ಜಗಳ ಎನ್ನುತ್ತಿದ್ದ. ಹೊಸ ಜಗಳಕ್ಕೆ ಹೊಸ ರುಮಾಲು. ಅವನ ಸ್ವಂತ ಮನೆಯ ನಡುವೆ ಆಳೆತ್ತರದ ಗೋಡೆಯಿತ್ತು. ಆಚೆ ಅವನ ತಮ್ಮ ಇದ್ದ. ಅಣ್ಣತಮ್ಮಂದಿರು ಮಾತಾಡಿ ಹನ್ನೆರಡು ವರ್ಷವಾಗಿತ್ತು.

ರಾಚವ್ವ ಮೊದಲ ಸಲ ಎರಡು ತಿಂಗಳು ಬಾಳಿದಳು. ಮರುವರ್ಷ ಎರಡನೆಯ ಸಲ ಹೋದವಳು ಒಂದು ತಿಂಗಳಿಗೆ ಬಂದಳು. ೧೯೭೬ರಲ್ಲಿ ಮೂರನೆಯ ಸಲ ಹೋದಾಗ ಇಪ್ಪತ್ತು ದಿನ. ಪ್ರತಿ ಸಲವೂ ಬಾರಕೋಲು ಅದೇ, ಚಿಲಕ ಅದೇ. ಪ್ರತಿ ಸಲವೂ ಪಡಸಾಲೆಯಲ್ಲಿ ಅಂದಾನೆಪ್ಪ ಕೂತು ಭಾಂಡೆಯ ಮಾತನ್ನೇ ಹೇಳಿದ. ಮೂರನೆಯ ಸಲ ತಿರುಗಿ ಬಂದ ಮೇಲೆ ರಾಚವ್ವ ಅಪ್ಪನಿಗೆ, “ಇನ್ನ ಆತಗ ಹೋಳಿಗಿ ಮಾಡೂದಿಲ್ಲ. ವಕೀಲರ ಕಡೆ ಹೋಗೂಣು ನಡೀ,” ಎಂದಳು.

ಅದೇ ವರ್ಷ ಕಾಯ್ದೆ ಬದಲಾಗಿದೆ, ಈಗ ಹೊಡೆತ ಬಡಿತಕ್ಕೂ ಸೋಡಚೀಟಿ, ಅಂದರೆ ಮದುವೆಯ ಬಿಡುಗಡೆ, ಸಿಗುತ್ತದೆ ಎಂದು ವಕೀಲರು ಹೇಳಿದರು. ೧೯೭೭ರಲ್ಲಿ ಅರ್ಜಿ ಹಾಕಿದರು. ಆದರೆ ಕೋರ್ಟು ಮೊದಲು ಗಂಡ ಹೆಂಡಿರನ್ನು ಕೂಡಿಸಲು ನೋಡಲೇಬೇಕಂತೆ. ನ್ಯಾಯಾಧೀಶರು ಎರಡು ತಿಂಗಳ ತಾರೀಖು ಕೊಟ್ಟು, ಹಿರಿಯರನ್ನು ಕೂರಿಸಿಕೊಂಡು ಮಾತಾಡಿರಿ ಎಂದರು. ಹೊರಗೆ ಬೇವಿನ ಗಿಡದ ಕೆಳಗೆ ಹಿರಿಯನೊಬ್ಬ ಆಗಲೇ ಜಮಖಾನೆ ಹಾಸಿಕೊಂಡು ಕೂತಿದ್ದ. ಯಾರೆಂದು ಹೇಳಬೇಕಾಗಿಲ್ಲ.

“ಹೋಗ್ಲಿಲ್ಲಂದ್ರ ಹಟಮಾರಿ ಅಂತಾರವಾ,” ಎಂದರು ವಕೀಲರು. ಅವಳು ಹೋದಳು. ಹನ್ನೊಂದನೆಯ ದಿನ ಹರಿದ ಕುಪ್ಪಸದ ಮೇಲೆ ಸೆರಗು ಹೊದ್ದುಕೊಂಡು ಸಿರಸಂಗಿಯ ಬಸ್ಸು ಇಳಿದಳು. ನಾಲ್ಕನೆಯ ರುಮಾಲು ಅಷ್ಟರಲ್ಲಿ ಅಂದಾನೆಪ್ಪನ ತಲೆ ಏರಿತ್ತು.

ಈಗ ನಿಜಗುಣಪ್ಪ ಕೋರ್ಟಿಗೆ ತನ್ನ ಹೇಳಿಕೆ ಕೊಟ್ಟ. ರಾಚವ್ವ ೧೯೭೩ರಲ್ಲಿ ತಾನಾಗಿಯೇ ತವರಿಗೆ ಹೋದಳು; ಎಷ್ಟು ಕರೆದರೂ ಒಂದು ದಿನವೂ ತಿರುಗಿ ಬರಲಿಲ್ಲ; ನಾವು ಕೈ ಎತ್ತಿದವರಲ್ಲ; ಅವಳನ್ನು ನಮ್ಮ ಮನೆಗೆ ಕಳಿಸಬೇಕು. ಇದಕ್ಕೆ ಸಾಕ್ಷಿ ಅಂದಾನೆಪ್ಪ. ಈ ಮಾತು ನಿಂತರೆ ರಾಚವ್ವ ಮತ್ತೆ ಆ ಚಿಲಕದ ಒಳಗೆ.

ಸಾಕ್ಷಿಯ ದಿನ ಮುಂಜಾನೆ ಅವಳ ವಕೀಲರು ಕಾಗದ ತಿರುವುತ್ತ ಕೂತಿದ್ದರು. ಅವನು ಪಳಗಿದ ಮನುಷ್ಯ, ಯಾವ ಪ್ರಶ್ನೆಯಿಂದ ಹಿಡಿಯುವುದೋ ತಿಳಿಯದು ಎಂದರು.

“ಆತಗ ಅದು ಇದು ಕೇಳಬ್ಯಾಡ್ರಿ,” ಎಂದಳು ರಾಚವ್ವ. “ನಿಮ್ಮ ಕೈಲೆ ಈ ಮನಿ ಕೂಡಿಸಾಕ ಆಗಲಿಲ್ಲ ಅನ್ರಿ. ಅಷ್ಟ ಅನ್ರಿ, ಸಾಕು.”

ಅಂದಾನೆಪ್ಪ ಕಟಕಟೆ ಏರಿದ. ನಿಜಗುಣಪ್ಪನಂಥ ಗಂಡ ಏಳು ಹಳ್ಳಿಯಲ್ಲಿ ಸಿಗುವುದಿಲ್ಲ, ಹುಡುಗಿಯ ಬಾಯಿ ಬಹಳ ಎಂದು ಹೇಳಿಕೊಟ್ಟದ್ದನ್ನೆಲ್ಲ ಹೇಳಿದ. ಆಮೇಲೆ ರಾಚವ್ವನ ವಕೀಲರು ಎದ್ದರು.

“ಯಜಮಾನ್ರ, ನೀವು ಭಾಳ ಮನಿ ಕೂಡಿಸೀರಂತ.”

“ಜನಾ ಅಂತಾರ್ರಿ.”

“ಆದ್ರ ಈ ಮನಿ ನಿಮ್ಮ ಕೈಲೆ ಆಗಲಿಲ್ಲ ಬಿಡ್ರಿ. ಈಕಿ ಒಂದ ದಿನಾನೂ ತಿರುಗಿ ಹೋಗಿಲ್ಲಂತ ಗಂಡನ ಬರದ ಕೊಟ್ಟಾನ. ನೀವು ತಿರುಗಿದ್ದೆಲ್ಲ ನೀರಾಗ ಹೋಮ ಮಾಡಿದಂಗ ಆತು.”

ಅಂದಾನೆಪ್ಪನ ಕುತ್ತಿಗೆ ಕೆಂಪಾಯಿತು. ನಿಜಗುಣಪ್ಪನ ವಕೀಲರು ಕೆಮ್ಮಿದರು. ಅಂದಾನೆಪ್ಪ ಆ ಕಡೆ ನೋಡಲೇ ಇಲ್ಲ.

“ಯಾರ ಅಂದಾವ್ರಿ? ಒಂದಲ್ಲ, ನಾಕ ಸಲ ಕೂಡಿಸೇನಿ! ನಾಕ ಸಲಾನೂ ನಾನ ಕರಕೊಂಡ ಹೋಗಿ ಬಿಟ್ಟೇನಿ. ಈ ನಿಜಗುಣಪ್ಪನ ನನಗ ನಾಕ ರುಮಾಲ ಸುತ್ಯಾನ್ರಿ ಸಾಹೇಬ್ರ, ಬೇಕಂದ್ರ ತಂದ ತೋರಸ್ತೇನಿ. ಈಗ ತಲೀಮ್ಯಾಲ ಐತಲ್ಲ, ಇದ ನಾಕನೇದ್ದು!”

“ಅಂದ್ರ ನಾಕ ಸಲ ಹೊಸ್ತಲಾ ದಾಟಿ ಒಳಗ ಹೋಗ್ಯಾಳ. ಜಗಳ ಭಾಳ ಸಣ್ಣದ ಇರಬೇಕು, ಅದಕ್ಕ ನಿಮಗ ಹಗೂರ ಆತು.”

“ಸಣ್ಣದು? ಬಾರಕೋಲಿನ ಜಗಳ ಸಣ್ಣದೇನ್ರಿ? ಮುಂಗೈ ಬಾತು ಕೊರಡಾಗಿತ್ತು, ನಾ ಕಣ್ಣಾರೆ ನೋಡೇನಿ. ಅಂಥಾ ಕೈಯಾಕೀನ್ನ ಸಂಜಿ ಬಸ್ಸಿಗೆ ಕರಕೊಂಡ ಹೋಗಿ ಒಲಿ ಮುಂದ ಕುಂಡ್ರಿಸೇನಿ. ಮತ್ತೊಬ್ಬಾವ ಮಾಡಲಿ ನೋಡೂಣು!”

ಟೈಪ್ ಮಾಡುವವನ ಕೈ ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, ಹೇಳಿದ್ದನ್ನು ಹೇಳಿದಂತೆಯೇ ಬರೆಯಲು ಹೇಳಿದರು. ಅಂದಾನೆಪ್ಪ ಎದೆ ಸೆಟೆಸಿಕೊಂಡು ನಿಂತಿದ್ದ. ತಾನು ಗೆದ್ದೆನೆಂದೇ ಅವನಿಗೆ ಅನ್ನಿಸಿತ್ತು. ಇಳಿದು ಬಂದಾಗ ನಿಜಗುಣಪ್ಪ, “ನಿನ್ನ ತಲೀಮ್ಯಾಲ ರುಮಾಲ ಅಲ್ಲ, ದನದ ಹೆಂಡಿ ಸುತ್ತಬೇಕಾಗಿತ್ತು,” ಎಂದ ಮೇಲೆಯೇ ಅವನ ಮುಖ ಸಣ್ಣದಾದದ್ದು.

ಬೇವಿನ ಗಿಡದ ಕೆಳಗೆ ಅವನು ರಾಚವ್ವನ ಹತ್ತಿರ ಬಂದ. “ನೀನ ಹೇಳಿಕೊಟ್ಟಿ ಹೌದಿಲ್ಲೊ ತಂಗಿ? ಹಿರ್ಯಾನ ಮರ್ಯಾದಿ ತಗದಿ.”

“ನಾ ಏನ ತಗದೇನ್ರಿ ಕಾಕಾ? ನೀವ ಇದ್ದದ್ದ ಹೇಳೀರಿ. ಆರ ವರ್ಷದಾಗ ಇದ ಮೊದಲನೇ ಸಲ.”

೧೯೭೯ರ ಬೇಸಿಗೆಯಲ್ಲಿ ತೀರ್ಪು ಬಂತು. ಮದುವೆ ಬಿಡುಗಡೆಯಾಯಿತು. ರಾಚವ್ವ ಸವದತ್ತಿಯ ಒಂದು ಬಾಲವಾಡಿಯಲ್ಲಿ ಕೆಲಸಕ್ಕೆ ಸೇರಿದಳು. ಕೋರ್ಟಿನಲ್ಲಿ ಬಾಯಿ ಬಿಟ್ಟ ಹಿರಿಯನನ್ನು ಗಂಡಿನ ಕಡೆಯವರು ಮತ್ತೆ ಕರೆಯಲಿಲ್ಲ; ಹೆಣ್ಣಿನ ಕಡೆಯವರಿಗೆ ಅವನು ಎಂದೂ ಬೇಕಾಗಿರಲಿಲ್ಲ.

ಅಂದಾನೆಪ್ಪ ಈಗ ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ರಸ್ತೆಯ ಬದಿಗೆ ಕೂತು, ಸಾಲಿನಲ್ಲಿ ಯಾರ ಗಾಡಿ ಮುಂದೆ ಹೋಗಬೇಕೆಂಬ ಜಗಳ ಬಿಡಿಸುತ್ತಾನೆ. ಗಾಡಿಯವರು ಅವನಿಗೆ ಒಂದು ಗಣಿಕೆ ಕಬ್ಬು ಕೊಡುತ್ತಾರೆ.