ಬಾಯಿಪಾಠವಾದದ್ದು, ಫೈಲಿನಲ್ಲಿದ್ದದ್ದು

ಮಂಗಳೂರಿನ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಔಷಧಿಗಳ ಪಾಠ ಮಾಡುತ್ತಿದ್ದ ಟೀಚರ್ ತರಗತಿಗೆ ಪುಸ್ತಕ ತರುತ್ತಿರಲಿಲ್ಲ. ಬಾಗಿಲಲ್ಲಿ ನಿಂತೇ ಯಾರಾದರೊಬ್ಬಳತ್ತ ಬೆರಳು ತೋರಿಸಿ ಒಂದು ಔಷಧಿಯ ಹೆಸರು ಹೇಳುವರು. ಅವಳು ಎದ್ದು ಪ್ರಮಾಣ ಎಷ್ಟು, ಎಲ್ಲಿಗೆ ಚುಚ್ಚಬೇಕು, ಯಾರಿಗೆ ಕೊಡಬಾರದು ಎಲ್ಲವನ್ನೂ ತಡವರಿಸದೆ ಹೇಳಬೇಕು. ತಡವರಿಸಿದರೆ ಮರುದಿನ ಮತ್ತೆ ಅವಳದೇ ಸರದಿ.

ನಾನೊಮ್ಮೆ ಧೈರ್ಯ ಮಾಡಿ ಕೇಳಿದೆ: "ಟೀಚರ್, ವಾರ್ಡಲ್ಲಿ ಚಾರ್ಟ್ ಇರ್ತದಲ್ಲ. ನೋಡಿ ಕೊಟ್ರೆ ಆಗುದಿಲ್ವಾ?"

"ಚಾರ್ಟ್ ಗೋಡೆಯಲ್ಲಿ ಉಂಟು. ನೀನು ಯಾವಾಗ್ಲೂ ಆ ಗೋಡೆ ಹತ್ರವೇ ಇರ್ತೀಯಾ?"

ಆ ವಾರವೆಲ್ಲ ಅವರು ನನಗೆ, ಅಲರ್ಜಿಯಿಂದ ಉಸಿರು ಕಟ್ಟಿದಾಗ ಕೊಡುವ ಅಡ್ರಿನಲಿನ್ ಒಂದನ್ನೇ ಕೇಳಿದರು. ಸಾವಿರಕ್ಕೆ ಒಂದರ ದ್ರಾವಣ ಸ್ನಾಯುವಿಗೆ, ಹತ್ತು ಸಾವಿರಕ್ಕೆ ಒಂದರದ್ದು ರಕ್ತನಾಳಕ್ಕೆ. ಮಕ್ಕಳಿಗೆ ಸ್ನಾಯುವಿನಲ್ಲಿ ಕಿಲೋಗೆ ಪಾಯಿಂಟ್ ಝೀರೋ ಒನ್ ಎಂಎಲ್. ಹಾಸ್ಟೆಲ್ಲಿನಲ್ಲಿ ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ ಅದನ್ನೇ ಗುನುಗುತ್ತಿದ್ದೆ. ಅರ್ಥ ಪೂರ್ತಿ ಆಗಿತ್ತು ಎಂದು ಹೇಳಲಾರೆ. ಬೈಯಿಸಿಕೊಳ್ಳದಿರುವುದಷ್ಟೇ ಆಗಿನ ಉದ್ದೇಶ.

ಮದುವೆಯಾಗಿ ಅಬುಧಾಬಿಗೆ ಬಂದೆ. ಕೆಲವು ವರ್ಷ ಆಸ್ಪತ್ರೆಯಲ್ಲಿ ದುಡಿದು, ಮಗಳು ಹುಟ್ಟಿದ ಮೇಲೆ ಖಲೀಫಾ ಸಿಟಿಯ ಒಂದು ಶಾಲೆಯಲ್ಲಿ ನರ್ಸ್ ಆದೆ. ತರಚಿದ ಮೊಣಕಾಲು, ಬಿಸಿಲಿನ ತಲೆನೋವು, ಪರೀಕ್ಷೆಯ ದಿನದ ಹೊಟ್ಟೆನೋವು, ನನ್ನ ಕೆಲಸದ ಬಹುಪಾಲು ಇಷ್ಟೇ. ಎಲ್ಲ ಪ್ರಮಾಣಗಳೂ ಮೇಜಿನ ಮೇಲಿನ ಟ್ಯಾಬ್ಲೆಟ್ ಪರದೆಯಲ್ಲಿರುತ್ತಿದ್ದವು. ಮಗುವಿನ ತೂಕ ಒತ್ತಿದರೆ ಉತ್ತರ ಬರುತ್ತಿತ್ತು. ಮಂಗಳೂರಿನ ಆ ದಿನಗಳನ್ನು ನಾನು ಸಹೋದ್ಯೋಗಿಗಳಿಗೆ ತಮಾಷೆಯ ಕಥೆಯಾಗಿ ಹೇಳುತ್ತಿದ್ದೆ. ಮನೆಯಲ್ಲಿ ಮಗಳು ಮಗ್ಗಿ ಕಲಿಯಲು ಹಟ ಮಾಡಿ, "ವೈ ಶುಡ್ ಐ ಬೈಹಾರ್ಟ್, ಅಮ್ಮಾ? ಐ ಕ್ಯಾನ್ ಜಸ್ಟ್ ಚೆಕ್" ಎಂದಾಗ ನಾನು ಅವಳ ಪರವೇ ನಿಂತಿದ್ದೆ. "ಅರ್ಥ ಆದ್ರೆ ಸಾಕು, ಬಿಡಿ" ಎಂದು ಗಂಡನ ಬಾಯಿ ಮುಚ್ಚಿಸಿದ್ದೆ.

ಒಂದು ಚಳಿಗಾಲ ಮೂರನೇ ತರಗತಿಯ ಮಕ್ಕಳನ್ನು ಅಲ್ ಮೀನಾದ ಮಾರುಕಟ್ಟೆಗೆ ಕರೆದೊಯ್ದರು. ತುರ್ತು ಚೀಲ ಹೆಗಲಿಗೇರಿಸಿ ನಾನೂ ಹೋದೆ. ಮಕ್ಕಳು ಮೀನಿನ ಸಾಲಿನಲ್ಲಿ ಮೂಗು ಹಿಡಿದು ಕಿರುಚಿದರು, ತರಕಾರಿ ಸಾಲಿನಲ್ಲಿ ಬೆಲೆ ಕೇಳಿ ಬರೆದುಕೊಂಡರು. ಕೊನೆಗೆ ಖರ್ಜೂರದ ಅಂಗಡಿಯ ಹಿರಿಯರೊಬ್ಬರು ಪ್ರೀತಿಯಿಂದ ಎಲ್ಲರ ಕೈಗೂ ಒಂದೊಂದು ಖರ್ಜೂರ ಇಟ್ಟರು. ಒಳಗೆ ಗೋಡಂಬಿ ತುಂಬಿತ್ತು. ಅಲರ್ಜಿ ಇರುವ ಇಬ್ಬರನ್ನು ನಾನು ಮೊದಲೇ ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದೆ. ಅವರಿಗೆ ಏನೂ ಆಗಲಿಲ್ಲ.

ಆದದ್ದು ಗುಂಪಿನ ಇನ್ನೊಬ್ಬ ಹುಡುಗಿಗೆ. ಅವಳ ಫಾರ್ಮಿನಲ್ಲಿ ಅಲರ್ಜಿ ಇಲ್ಲವೆಂದೇ ಇತ್ತು, ಇರುವುದು ಮನೆಯವರಿಗೂ ಗೊತ್ತಿರಲಿಲ್ಲ. ಬಸ್ ಹತ್ತಿ ಐದು ನಿಮಿಷವಾಗಿರಲಿಲ್ಲ, ಅವಳು ಕುತ್ತಿಗೆ ಕೆರೆಯತೊಡಗಿದಳು. ನಾನು ಅವಳ ಸೀಟಿನ ಹತ್ತಿರ ಹೋಗುವಷ್ಟರಲ್ಲಿ ತುಟಿ ಊದಿತ್ತು, ಉಸಿರಿನೊಂದಿಗೆ ಸಣ್ಣ ಸಿಳ್ಳೆಯಂಥ ಸದ್ದು ಬರುತ್ತಿತ್ತು.

"ಬಸ್ ನಿಲ್ಸಿ!" ಎಂದು ಕನ್ನಡದಲ್ಲೇ ಕೂಗಿದೆ. ಡ್ರೈವರ್ ಮಲಯಾಳಿ, ಆದರೆ ದನಿಯಲ್ಲೇ ಎಲ್ಲ ಅರ್ಥವಾಗಿರಬೇಕು. ತಕ್ಷಣ ಬದಿಗೆ ತೆಗೆದರು. ನನ್ನ ಫೋನನ್ನು ಕ್ಲಾಸ್ ಟೀಚರ್ ಕೈಗೆ ಕೊಟ್ಟು ಆಂಬ್ಯುಲೆನ್ಸ್ ಕರೆಯಲು ಹೇಳಿದೆ. ಟ್ಯಾಬ್ಲೆಟ್ ಶಾಲೆಯಲ್ಲಿ ಚಾರ್ಜಿಗಿತ್ತು. ಅಲರ್ಜಿಯಿದ್ದ ಆ ಇಬ್ಬರು ಮಕ್ಕಳ ರೆಡಿಮೇಡ್ ಇಂಜೆಕ್ಷನ್ ಪೆನ್ನುಗಳನ್ನು ಅವರವರ ತಾಯಂದಿರು ಅಂದು ಬೆಳಿಗ್ಗೆ ಕಳಿಸಲು ಮರೆತಿದ್ದರು. ಅದಕ್ಕೇ ಅವರನ್ನು ಅಷ್ಟು ಜೋಪಾನವಾಗಿ ಹಿಡಿದುಕೊಂಡಿದ್ದೆ. ನನ್ನ ಚೀಲದಲ್ಲಿದ್ದದ್ದು ಅಡ್ರಿನಲಿನ್‌ನ ಗಾಜಿನ ಆಂಪೂಲ್ ಮತ್ತು ಸಣ್ಣ ಸಿರಿಂಜ್.

ಆಂಪೂಲಿನ ಮೇಲೆ ಸಾವಿರಕ್ಕೆ ಒಂದು ಎಂದಿತ್ತು. ಓದಿದೊಡನೆ ಬಾಯಿ ತಾನಾಗಿಯೇ ಮುಂದುವರಿಸಿತು: ಸ್ನಾಯುವಿಗೆ, ಕಿಲೋಗೆ ಪಾಯಿಂಟ್ ಝೀರೋ ಒನ್. ಹಿಂದಿನ ವಾರವಷ್ಟೇ ಆ ತರಗತಿಯ ಎಲ್ಲರ ತೂಕ ನೋಡಿದ್ದೆ, ಇವಳದು ಇಪ್ಪತ್ತಮೂರು ಕಿಲೋ, ಅಂದರೆ ಪಾಯಿಂಟ್ ಟೂ ತ್ರೀ. ಸಿರಿಂಜಿನ ಪಾಯಿಂಟ್ ಟೂ ದಾಟಿದ ಮೂರನೇ ಗೆರೆಗೆ ಔಷಧಿ ಎಳೆದು ತೊಡೆಯ ಹೊರಬದಿಗೆ ಚುಚ್ಚಿದೆ. ಅವಳನ್ನು ಒರಗಿಸಿ ಕೂರಿಸಿದೆ. ಕಣ್ಣು ಅವಳ ತುಟಿಯ ಮೇಲೆ, ಕಿವಿ ಉಸಿರಿನ ಸದ್ದಿನ ಮೇಲೆ. ನಾಲ್ಕು ನಿಮಿಷ. ಸಿಳ್ಳೆ ನಿಧಾನವಾಗಿ ತಗ್ಗಿತು.

"ಸಿಸ್ಟರ್, ಆಂಬ್ಯುಲೆನ್ಸ್‌ನವರು ಎಲ್ಲಿ ಅಂತ ಕೇಳ್ತಿದ್ದಾರೆ!" ಕ್ಲಾಸ್ ಟೀಚರ್ ಅಳುವ ದನಿಯಲ್ಲಿ ಹೇಳಿದರು. ಆಗ ಡ್ರೈವರ್ ಫೋನ್ ತೆಗೆದುಕೊಂಡು, ನಾವು ನಿಂತಿದ್ದ ರಸ್ತೆ, ಹಿಂದೆ ದಾಟಿ ಬಂದ ಸಿಗ್ನಲ್, ಎದುರಿನ ಗೇಟು, ಯಾವ ಕಡೆಯಿಂದ ತಿರುಗಿದರೆ ಹತ್ತಿರ ಎಲ್ಲವನ್ನೂ ಅರೇಬಿಕ್ ಬೆರೆಸಿದ ಹಿಂದಿಯಲ್ಲಿ ಹೇಳಿದರು. "ಯಲ್ಲಾ, ಜಲ್ದಿ" ಎಂದು ಮುಗಿಸಿದರು. ಆಮೇಲೆ ತಿಳಿಯಿತು, ಅವರು ಮೊದಲು ಟ್ಯಾಕ್ಸಿ ಓಡಿಸುತ್ತಿದ್ದಾಗ ಈ ಊರಿನ ರಸ್ತೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಕೊಂಡವರು.

ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ಕೊಟ್ಟಿರಿ, ಯಾವಾಗ ಎಂದು ಕೇಳಿ ಸರಿಯೆಂದು ತಲೆಯಾಡಿಸಿದರು. ಹುಡುಗಿ ಮರುದಿನ ಮನೆಗೆ ಹೋದಳು.

ಆ ನಾಲ್ಕು ನಿಮಿಷಗಳ ಬಗ್ಗೆ ಬಹಳ ಯೋಚಿಸಿದ್ದೇನೆ. ಪ್ರಮಾಣವನ್ನು ಹುಡುಕಿಯೂ ತಿಳಿಯಬಹುದಿತ್ತು. ಕ್ಲಾಸ್ ಟೀಚರ್ ಚೀಲದಲ್ಲಿ ಅವರದೂ ಒಂದು ಫೋನ್ ಇತ್ತು. ಆದರೆ ಹುಡುಕುವವಳ ಕಣ್ಣು ಪರದೆಯ ಮೇಲಿರುತ್ತದೆ, ಮಗುವಿನ ಮುಖದ ಮೇಲಲ್ಲ. ಅಂಕಿ ನನ್ನೊಳಗೇ ಇದ್ದುದರಿಂದ ನನ್ನ ಕಣ್ಣು ಕೈ ಎರಡೂ ಅವಳಿಗೆ ಸಿಕ್ಕಿದವು. ಅರ್ಥ ತಿಳಿಯದೆ ಗುನುಗಿದ ಒಂದು ಸಾಲು ಹದಿನೈದು ವರ್ಷ ಸುಮ್ಮನೆ ಬಿದ್ದಿದ್ದು, ಅರ್ಥ ಬೇಕಾದ ದಿನ ಎದ್ದು ಬಂತು.

ಇದನ್ನೆಲ್ಲ ಮಗಳಿಗೆ ಹೇಳಿ, ಇನ್ನಾದರೂ ಮಗ್ಗಿ ಕಲಿ ಎಂದೆ. ಅವಳು ಗಮನವಿಟ್ಟು ಕೇಳಿದಳು. ಆಮೇಲೆ, "ಬಟ್ ಅಮ್ಮಾ, ನೋಬಡಿ ಡೈಸ್ ಬಿಕಾಸ್ ಆಫ್ ಸೆವೆನ್ ಎಯ್ಟ್ಸ್" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅದೇ ವಾರ ಅವಳು ಭಿನ್ನರಾಶಿಯ ಲೆಕ್ಕ ಮಾಡುವಾಗ ಪಕ್ಕದಲ್ಲಿ ಕುಳಿತು ನೋಡಿದೆ. ಪ್ರತಿ ಗುಣಾಕಾರಕ್ಕೂ ಎದ್ದು ನನ್ನ ಫೋನ್ ತೆಗೆಯುವಳು, ತಿರುಗಿ ಬರುವಷ್ಟರಲ್ಲಿ ಲೆಕ್ಕ ಎಲ್ಲಿಗೆ ಬಂದಿತ್ತೆಂಬುದೇ ಮರೆತಿರುವಳು. ಮೂರನೇ ಸಲ ಅವಳೇ ಸಿಟ್ಟಿನಿಂದ ಫೋನ್ ಮೇಜಿನ ಮೇಲಿಟ್ಟು, "ಓಕೆ, ಫೈನ್. ಏಳರದ್ದು ಹೇಳಿ ಕೊಡು" ಎಂದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬಾಯಿಪಾಠದ ದೊಡ್ಡ ವಕೀಲೆಯಾಗಿ ಉಳಿಯುತ್ತಿದ್ದೆ. ಶಾಲೆಯಲ್ಲಿ ಎಲ್ಲರೂ ಹೊಗಳಿದರು, ನನಗೂ ಸ್ವಲ್ಪ ಗರ್ವ ಬಂತು. ಯಾವ ಮಗುವಿಗೆ ಯಾವ ಔಷಧಿ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಫೈಲ್ ತೆರೆಯದೆಯೇ ಹೇಳತೊಡಗಿದೆ. ಹೆಚ್ಚಿನ ಸಲ ಸರಿಯಾಗಿಯೇ ಇರುತ್ತಿತ್ತು.

ಒಂದು ದಿನ ಆರನೇ ತರಗತಿಯ ಹುಡುಗನೊಬ್ಬ ಜ್ವರವೆಂದು ಬಂದ. ಪ್ಯಾರಸಿಟಮಾಲ್ ಕೊಟ್ಟರೆ ವಾಂತಿಯಾಗುತ್ತದೆ, ಐಬುಪ್ರೊಫೆನ್ ಕೊಡಿ ಎಂದು ಅವನ ತಾಯಿ ಹಿಂದಿನ ವರ್ಷ ಬರೆದುಕೊಟ್ಟದ್ದು ನನ್ನ ನೆನಪಿನಲ್ಲಿ ಅಚ್ಚೊತ್ತಿತ್ತು. ಸಿರಪ್ ಅಳೆದು ಅವನ ಬಾಯಿಯ ಹತ್ತಿರ ಹಿಡಿದೆ.

"ನರ್ಸ್, ಇದು ಪಿಂಕ್ ಒಂದಲ್ವಾ? ಮಮ್ಮಿ ಸೆಡ್ ನಾಟ್ ದಿಸ್ ಒನ್ ಎನಿಮೋರ್."

ಕೈ ಅಲ್ಲಿಯೇ ನಿಂತಿತು. ಫೈಲ್ ತೆರೆದೆ. ರಜೆಯಲ್ಲಿ ಅವನಿಗೆ ಅಸ್ತಮಾ ಇರುವುದು ಗೊತ್ತಾಗಿತ್ತು, ಈ ಔಷಧಿಯಿಂದಲೇ ಉಸಿರು ಕಟ್ಟಿತ್ತು. ಎರಡು ವಾರದ ಹಿಂದೆ ತಾಯಿ ಹೊಸ ಪತ್ರ ಕಳಿಸಿದ್ದರು, ಅದನ್ನು ಫೈಲಿಗೆ ಸೇರಿಸಿದವಳೂ ನಾನೇ.

ನನ್ನ ನೆನಪು ಸುಳ್ಳಾಗಿರಲಿಲ್ಲ, ಹಳೆಯದಾಗಿತ್ತು. ಮೊದಲು ಬಂದದ್ದು ಗಟ್ಟಿಯಾಗಿ ಕುಳಿತು, ಆಮೇಲೆ ಬಂದದ್ದಕ್ಕೆ ಜಾಗ ಬಿಟ್ಟಿರಲಿಲ್ಲ. ಔಷಧಿಯ ಪ್ರಮಾಣ ಹದಿನೈದು ವರ್ಷದಲ್ಲಿ ಬದಲಾಗಿರಲಿಲ್ಲ, ಅದನ್ನು ಬಾಯಲ್ಲಿ ಇಟ್ಟುಕೊಳ್ಳಬಹುದು. ಮಕ್ಕಳು ಎರಡು ವಾರದಲ್ಲಿ ಬದಲಾಗುತ್ತಾರೆ. ಅವರನ್ನು ಪ್ರತಿ ಸಲವೂ ಹೊಸದಾಗಿ ಓದಬೇಕು.

ಆ ಹುಡುಗನಿಗೆ ಏನೂ ಆಗಲಿಲ್ಲವಾದ್ದರಿಂದ ಯಾರಿಗೂ ಹೇಳದೆ ಇದ್ದುಬಿಡಬಹುದಿತ್ತು. ಅವನನ್ನು ನನ್ನ ಕೋಣೆಯ ಮಂಚದಲ್ಲಿ ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಇಟ್ಟು, ಮಧ್ಯಾಹ್ನದವರೆಗೆ ಹಾಗೆಯೇ ಇದ್ದೆ. ಕೊನೆಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ, ವರದಿ ಬರೆದುಕೊಟ್ಟೆ. ಆಮೇಲೆ ಅವನ ತಾಯಿಗೂ ಫೋನ್ ಮಾಡಿದೆ. ಅವರು ಉಡುಪಿ ಕಡೆಯವರು. ನನ್ನ ಮಾತು ಮುಗಿದ ಮೇಲೆ ಕೇಳಿದರು:

"ಕೊಡ್ಲಿಲ್ಲ ಅಲ್ವಾ?"

"ಇಲ್ಲ. ಅವ್ನೇ ತಡ್ದ."

"ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದರು. ಆಮೇಲೆ, "ಇನ್ನು ಮುಂದೆ ಫೈಲ್ ನೋಡ್ಕೊಂಡೇ ಕೊಡಿ ಸಿಸ್ಟರ್. ಜ್ವರ ಈಗ ಎಷ್ಟುಂಟು?" ಎಂದು ಕೇಳಿದರು.

ಥರ್ಮಾಮೀಟರ್ ತೆಗೆದುಕೊಂಡು ಅವನಿದ್ದ ಮಂಚದ ಹತ್ತಿರ ಹೋದೆ.